ಹಿಂದೆ ಬಂದ ಎರಡು ವಿಮಾನ

6 ಸೆಪ್ಟೆಂಬರ್ 2025, ಶನಿವಾರ ರಾತ್ರಿ
ಹಾರ್ಲೋ, ಇಂಗ್ಲೆಂಡ್

ಅಕ್ಕನ ಮಗ ಪುಟ್ಟನ ಫೋನ್ ಬರುವ ಮೊದಲೇ ಇದನ್ನು ಬರೆದು ಮುಗಿಸಬೇಕಿತ್ತು. ಈಗ ಅವನ ಮಾತೂ ಸೇರಿಕೊಂಡು ಎಲ್ಲ ಕಲಸಿಹೋಗಿದೆ. ಇರಲಿ, ಬಂದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ನಾರ್ತ್ ವೀಲ್ಡ್‌ಗೆ ಹೋಗಿದ್ದೆ. ಇವರು ನೈಟ್ ಡ್ಯೂಟಿ ಮುಗಿಸಿ ಮಲಗಿದ್ದರು. ಒಬ್ಬಳೇ ಬಸ್ ಹತ್ತಿದೆ. ಅಲ್ಲಿಯ ಏರ್‌ಫೀಲ್ಡ್ ಪಕ್ಕ ಎಷ್ಟು ಸಲ ಹಾದುಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಸೇಂಟ್ ಆಂಡ್ರ್ಯೂಸ್ ಚರ್ಚಿನ ಅಂಗಳಕ್ಕೆ ಕಾಲಿಟ್ಟದ್ದು ಇವತ್ತೇ. ಬಿಳಿ ಕಲ್ಲುಗಳು, ಎಲ್ಲವೂ ಒಂದೇ ಎತ್ತರ. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ಚಪ್ಪಲಿ ನೆನೆದು ಕಾಲು ತಣ್ಣಗಾಯಿತು.

ನಾನು ಹುಡುಕಿದ್ದು ಒಂದೇ ಹೆಸರು. ಪೈಲಟ್ ಆಫೀಸರ್ ಮಾಂಟೇಗ್ಯೂ ಹಲ್ಟನ್-ಹ್ಯಾರಪ್. ಬ್ರಿಟಿಷ್ ವಾಯುಪಡೆಯ 56ನೇ ಸ್ಕ್ವಾಡ್ರನ್ನಿನಲ್ಲಿ ಹರಿಕೇನ್ ಯುದ್ಧವಿಮಾನದ ಪೈಲಟ್. ತೀರಿಹೋದದ್ದು 1939ರ ಸೆಪ್ಟೆಂಬರ್ 6ರಂದು, 26ನೇ ವಯಸ್ಸಿಗೆ. ಇವತ್ತಿಗೆ ಸರಿಯಾಗಿ 86 ವರ್ಷ. ಕಲ್ಲಿನ ಮೇಲೆ ಒಂದು ಒದ್ದೆ ಎಲೆ ಅಂಟಿಕೊಂಡಿತ್ತು. ಬೆರಳಿನಿಂದ ಮೆಲ್ಲಗೆ ತೆಗೆದೆ. ಯಾಕೋ, ಹಾಗೇ ಬಿಟ್ಟು ಬರಲು ಮನಸ್ಸಾಗಲಿಲ್ಲ.

ಅವನನ್ನು ಕೊಂದದ್ದು ಜರ್ಮನ್ನರಲ್ಲ.

ಬ್ರಿಟನ್ ಯುದ್ಧ ಘೋಷಿಸಿದ್ದು ಭಾನುವಾರ, ಸೆಪ್ಟೆಂಬರ್ 3ಕ್ಕೆ. ಇದು ನಡೆದದ್ದು ಬುಧವಾರ ಬೆಳಿಗ್ಗೆ. ಎಸೆಕ್ಸ್ ಕರಾವಳಿಯ ಕಡೆಯಿಂದ ಗುರುತು ಸಿಗದ ವಿಮಾನ ಬರುತ್ತಿದೆ ಅಂತ ಸುದ್ದಿ ಬಂತು. ನಾರ್ತ್ ವೀಲ್ಡ್‌ನಿಂದ ಹರಿಕೇನ್‌ಗಳು ಹಾರಿದವು. ರಾಡಾರ್ ಆಗಿನ್ನೂ ಎಳೆಗೂಸು. ವಿಮಾನ ಎದುರಿಗಿದೆಯೋ ಬೆನ್ನ ಹಿಂದಿದೆಯೋ ಅನ್ನುವುದರಲ್ಲೇ ಅದು ಎಡವಿತು. ನೆಲದ ಕಡೆಯಿಂದ ಎದ್ದ ತಮ್ಮದೇ ವಿಮಾನಗಳು ಸಮುದ್ರದ ಕಡೆಯಿಂದ ಬರುವ ಶತ್ರುಗಳ ಹಾಗೆ ಕಂಡವು. ಅವನ್ನು ತಡೆಯಲು ಇನ್ನಷ್ಟು ವಿಮಾನ ಕಳಿಸಿದರು. ಕಳಿಸಿದಷ್ಟೂ ಶತ್ರುಗಳು ಜಾಸ್ತಿ ಆಗುತ್ತಿದ್ದರು! ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಮುಖ್ಯ ಗುಂಪಿನ ಹಿಂದೆ, ಸ್ವಲ್ಪ ಕೆಳಗೆ, ಎರಡು ರಿಸರ್ವ್ ಹರಿಕೇನ್‌ಗಳು ಬರುತ್ತಿದ್ದವು. ಒಂದರಲ್ಲಿ ಹಲ್ಟನ್-ಹ್ಯಾರಪ್, ಇನ್ನೊಂದರಲ್ಲಿ ಫ್ರಾಂಕ್ ರೋಸ್. ಹಾರ್ನ್‌ಚರ್ಚ್‌ನಿಂದ ಬಂದ, ಅದೇ ಬ್ರಿಟಿಷ್ ವಾಯುಪಡೆಯ 74ನೇ ಸ್ಕ್ವಾಡ್ರನ್ನಿನ ಸ್ಪಿಟ್‌ಫೈರ್ ಯುದ್ಧವಿಮಾನದ ಹುಡುಗರಿಗೆ ಅವು ಕಂಡವು. ನಿಜವಾದ ಶತ್ರು ವಿಮಾನವನ್ನು ಅವರು ಅಲ್ಲಿಯವರೆಗೆ ಆಕಾಶದಲ್ಲಿ ಎದುರಿಸಿಯೇ ಇರಲಿಲ್ಲ. ದಾಳಿ ಮಾಡಿ ಅಂತ ಆದೇಶ ಬಂತು. ಹೊಡೆದರು. ರೋಸ್ ಹೇಗೋ ಹೊಲದಲ್ಲಿ ಇಳಿಸಿ ಬದುಕಿಕೊಂಡ. ಮುಂದಿನ ಮೇ ತಿಂಗಳಲ್ಲಿ ಫ್ರಾನ್ಸ್‌ನಲ್ಲಿ ಅವನೂ ಹೋದ. ಹಲ್ಟನ್-ಹ್ಯಾರಪ್ ಅಂದೇ ಸತ್ತ. ಸ್ಪಿಟ್‌ಫೈರ್ ಯುದ್ಧದಲ್ಲಿ ಹೊಡೆದುರುಳಿಸಿದ ಮೊಟ್ಟಮೊದಲ ವಿಮಾನಗಳು ಇವೇ.

ಅವತ್ತು ಆ ಆಕಾಶದಲ್ಲಿ ಒಂದೂ ಜರ್ಮನ್ ವಿಮಾನ ಇರಲಿಲ್ಲ.

ಹಲ್ಟನ್-ಹ್ಯಾರಪ್‌ನನ್ನು ಹೊಡೆದವನು ಜಾನ್ ಫ್ರೀಬಾರ್ನ್. ಅವನಿಗೆ ಆಗ 19. ಹತ್ತೊಂಬತ್ತು! ನಮ್ಮ ಕಡೆ ಆ ವಯಸ್ಸಿನವರು ಡಿಗ್ರಿ ಎರಡನೇ ವರ್ಷದಲ್ಲಿ ಇರುತ್ತಾರೆ. ವಿಮಾನ ಇಳಿಸಿದ ಮೇಲೆ ಅವನನ್ನೂ ಜೊತೆಗಾರ ಬರ್ನ್‌ನನ್ನೂ ಬಂಧಿಸಿದರು. ವಾಯುಪಡೆಯ ಕೇಂದ್ರವಾದ ಬೆಂಟ್ಲಿ ಪ್ರಯರಿಯಲ್ಲಿ ಕೋರ್ಟ್ ಮಾರ್ಷಲ್, ಅಂದರೆ ಸೇನಾ ವಿಚಾರಣೆ, ನಡೆಯಿತು. ಅವರ ನಾಯಕ ಮಾಲನ್, "ಅವರು ನಮ್ಮವರೇ, ಬಿಟ್ಟುಬಿಡಿ" ಅಂತ ಕೊನೇ ಗಳಿಗೆಯಲ್ಲಿ ರೇಡಿಯೋದಲ್ಲಿ ಹೇಳಿದ್ದೆ ಅಂದ. ಆ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ ಅಂದ ಫ್ರೀಬಾರ್ನ್. ಇಬ್ಬರನ್ನೂ ಖುಲಾಸೆ ಮಾಡಿದರು.

ಅಲ್ಲಿಗೆ ಮುಗಿಯಿತು ಅಂತ ಕಾಗದ ಹೇಳುತ್ತದೆ. ಆ ಹುಡುಗ ಮಾರನೇ ವರ್ಷ ಜರ್ಮನ್ನರ ಜೊತೆ ನಡೆದ ಆಕಾಶಯುದ್ಧ ಬ್ಯಾಟಲ್ ಆಫ್ ಬ್ರಿಟನ್ನಿನಲ್ಲಿ ಹಾರಿದ. ಡಿಎಫ್‌ಸಿ ಅನ್ನುವ ಶೌರ್ಯ ಪದಕ ಬಂತು. ತೀರಿಕೊಂಡದ್ದು 2010ರಲ್ಲಿ, 90 ವರ್ಷ ಬದುಕಿ. ಮುಪ್ಪಿನಲ್ಲಿ ಕೂಡ ಹೇಳಿದ್ದನಂತೆ, ಹೆಚ್ಚುಕಮ್ಮಿ ದಿನವೂ ಅವನ ನೆನಪಾಗುತ್ತೆ, ನನಗೆ ಒಳ್ಳೆಯ ಬದುಕು ಸಿಕ್ಕಿತು, ಅವನಿಗೂ ಸಿಗಬೇಕಿತ್ತು ಅಂತ. ಇದೇ ಸಮಾಧಿಗೂ ಬಂದಿದ್ದನೋ ಏನೋ. ಬಂದಿದ್ದರೆ ನಾನು ನಿಂತಿದ್ದ ಜಾಗದಲ್ಲೇ ನಿಂತಿರಬೇಕು, ಅಲ್ವಾ? ಬೇರೆಲ್ಲಿ ನಿಲ್ಲುತ್ತಾನೆ? ಎಪ್ಪತ್ತೊಂದು ವರ್ಷ. ಒಂದು ಬೆಳಗಿನ ಕೆಲವೇ ಕ್ಷಣಗಳನ್ನು ಎಪ್ಪತ್ತೊಂದು ವರ್ಷ ಹೊತ್ತುಕೊಂಡು.

ಮಧ್ಯಾಹ್ನ ಬಂದು ಎಣ್ಣೆಗಾಯಿ ಮಾಡಿದೆ. ಇಲ್ಲಿನ ಬದನೆಕಾಯಿಗೆ ರುಚಿಯೇ ಇಲ್ಲ.

ಮೂರೂವರೆಗೆ ಪುಟ್ಟ ಫೋನ್ ಮಾಡಿದ. ಬೀದರ್‌ನಲ್ಲಿ ಆಗ ರಾತ್ರಿ ಎಂಟು. ಅಲ್ಲಿ ವಾಯುಪಡೆಯ ಹಾಕ್ ವಿಮಾನದ ಟ್ರೈನಿಂಗ್ ಶುರುವಾದ ಮೇಲೆ ಹುಡುಗ ಇಳಿದುಹೋಗಿದ್ದಾನೆ, ಕೆನ್ನೆಯೇ ಇಲ್ಲ. ಈ ಡಿಸೆಂಬರ್‌ಗೆ 23. ವಿಷಯ ಹೇಳಬಾರದು ಅಂದುಕೊಂಡಿದ್ದೆ. ಆದರೆ ಎಲ್ಲಿಗೆ ಹೋಗಿದ್ದೆ ಚಿಕ್ಕಮ್ಮ ಅಂತ ಅವನೇ ಕೇಳಿದ. ಹೇಳಿಬಿಟ್ಟೆ, ಎಲ್ಲಾ.

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಆಗ ಆ ವಿಮಾನಗಳಲ್ಲಿ ಐಎಫ್‌ಎಫ್ ಇರಲಿಲ್ಲ ಚಿಕ್ಕಮ್ಮ" ಅಂದ. ನಮ್ಮವರೋ ಶತ್ರುವೋ ಅಂತ ಗುರುತಿಸುವ ಸಾಧನವಂತೆ ಅದು. ಕೆಳಗಿನಿಂದ ಒಂದು ರೇಡಿಯೋ ಸಂಕೇತ ಹೋಗುತ್ತೆ, ನೀನು ಯಾರು ಅಂತ ಕೇಳಿದ ಹಾಗೆ. ನಮ್ಮ ವಿಮಾನ ಆದರೆ ತಾನಾಗಿ ಉತ್ತರ ಕೊಡುತ್ತೆ. ಅವತ್ತಿನ ಆ ತಪ್ಪಿನ ನಂತರವೇ ಇದನ್ನು ವಿಮಾನಗಳಿಗೆ ಕೂರಿಸುವ ಕೆಲಸ ಜೋರಾದದ್ದು ಅಂತಲೂ ಹೇಳಿದ. ಮಗ್ಗಿ ಒಪ್ಪಿಸುವ ಹುಡುಗನ ದನಿ.

ನಾನು ಕಾಶ್ಮೀರದ ಬಡ್‌ಗಾಮ್ ಅಂದೆ. ಯಾಕೆ ಅಂದೆನೋ! ನಾಲಿಗೆ ಕಚ್ಚಿಕೊಂಡೆ. 2019ರ ಫೆಬ್ರವರಿ 27, ನಮ್ಮದೇ ಕ್ಷಿಪಣಿ, ಅದು ಹೊಡೆದುರುಳಿಸಿದ್ದು ನಮ್ಮದೇ ಎಂಐ-17 ಹೆಲಿಕಾಪ್ಟರ್. ವಾಯುಪಡೆಯ ಆರು ಜನ, ಕೆಳಗೆ ಒಬ್ಬ ಊರಿನವನು.

"ಅದು ಗೊತ್ತು" ಅಂದ. ಅಷ್ಟೇ. ಹಿಂದೆ ಯಾರೋ ನಗುತ್ತಿದ್ದರು, ತಟ್ಟೆಯ ಸದ್ದು ಕೇಳಿಸುತ್ತಿತ್ತು. ಆಮೇಲೆ ಅವನೇ ಕೇಳಿದ, "ಆ ಫ್ರೀಬಾರ್ನ್ ಮತ್ತೆ ಯಾವಾಗ ಹಾರಿದ? ಎಷ್ಟು ದಿನ ಬಿಟ್ಟು?"

ನನಗೆ ಉತ್ತರ ಗೊತ್ತಿರಲಿಲ್ಲ. ಸತ್ತವನ ಬಗ್ಗೆ ಅವನು ಒಂದೂ ಕೇಳಲಿಲ್ಲ. ಕೇಳಿದ್ದು ಹೊಡೆದವನ ಬಗ್ಗೆ.

ಈ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕಾದಾಟ ನಡೆದ ಆ ನಾಲ್ಕು ದಿನ ಅಕ್ಕ ಟಿವಿ ಮುಂದಿನಿಂದ ಏಳಲೇ ಇಲ್ಲ. ನಾನೂ ಇಲ್ಲಿ ಹಾಗೇ ಇದ್ದೆ. ಇವನಿನ್ನೂ ಟ್ರೈನಿಂಗ್‌ನಲ್ಲಿದ್ದಾನೆ, ಇವನನ್ನು ಕಳಿಸಲ್ಲ ಅಂತ ಗೊತ್ತಿದ್ದರೂ. ಆಗ ಇಬ್ಬರಿಗೂ ಇದ್ದದ್ದು ಒಂದೇ ಭಯ. ಮಗ ವಾಪಸ್ ಬರಲಿ ಅಂತ ದೇವರಿಗೆ ಮುಡಿಪು ಕಟ್ಟಿದ್ದಳು ಅಕ್ಕ. ವಾಪಸ್ ಬಂದವನ ಬಗ್ಗೆ ನಾವು ಯೋಚನೆಯನ್ನೇ ಮಾಡಿರಲಿಲ್ಲ. ಫ್ರೀಬಾರ್ನ್ ಕೂಡ ವಾಪಸ್ ಬಂದ. ಅವನಮ್ಮನಿಗೆ ಯಾರು ಏನು ಹೇಳಿದರೋ.

ಫೋನ್ ಇಡುವಾಗ ಪುಟ್ಟ, "ಅಮ್ಮಂಗೆ ಇದನ್ನೆಲ್ಲ ಹೇಳ್ಬೇಡ" ಅಂದ. ಇಲ್ಲ ಅಂದೆ. ಸೋಮವಾರ ಬೆಳಿಗ್ಗೆ ಬೇಗ ಹಾರಾಟ ಇದೆಯಂತೆ. ಊಟ ಸರಿಯಾಗಿ ಮಾಡು ಅಂದೆ. ಇನ್ನೊಂದು ಮಾತು ಹೇಳಬೇಕು ಅಂತಿದ್ದೆ, ರೇಡಿಯೋದಲ್ಲಿ ಹೇಳಿದ್ದು ಸರಿಯಾಗಿ ಕೇಳಿಸದಿದ್ದರೆ ಕಣೋ, ಒಂದು ಕ್ಷಣ