ಇಂಗ್ಲೆಂಡಿನಲ್ಲಿ ಸಿಕ್ಕ ಕೈಮರ

ಊರಿಂದ ಬಂದ ಅಮ್ಮನನ್ನು ಹೋದ ತಿಂಗಳು ಇಲ್ಲಿನ ಕಾಟ್ಸ್‌ವೋಲ್ಡ್ಸ್ ಅನ್ನೋ ಗುಡ್ಡಗಳ ಕಡೆ ಸುತ್ತಾಡಿಸಲು ಕರೆದುಕೊಂಡು ಹೋಗಿದ್ದೆ. ಚಿಪ್ಪಿಂಗ್ ಕ್ಯಾಂಪ್ಡನ್ ಹತ್ತಿರ ರಸ್ತೆಗಳು ಕೂಡುವ ಕಡೆ ಒಂದು ಕಂಬವಿದೆ. ಅದಕ್ಕೆ ನಾಲ್ಕು ತೋಳು, ತೋಳಿನ ತುದಿಗೆ ಬೆರಳು ಚಾಚಿದ ಕೈ. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಕಾರಿಂದ ಇಳಿದವಳೇ, "ಅರೆ, ಕೈಮರ ಅಲ್ವೇನೋ ಇದು!" ಅಂದಳು.

ನಾವು ಚಿಕ್ಕಮಗಳೂರಿನವರು. ಬಾಬಾಬುಡನ್‌ಗಿರಿಗೆ ಹೋಗುವಾಗ ಕೈಮರ ಅನ್ನೋ ಊರು ದಾಟಿಯೇ ಹೋಗಬೇಕು. ಮಂಗಳೂರಿನ ಕಡೆಯವರಿಗೆ ಅದೇ ಕೈಕಂಬ. ದಾರಿ ತೋರಿಸುವ ಕಂಬದಿಂದಲೇ ಊರಿಗೆ ಹೆಸರು ಬಂದಿದೆ. ಇಲ್ಲೂ ಹಾಗೇ, ಈ ಜಾಗದ ಹೆಸರು 'ಕ್ರಾಸ್ ಹ್ಯಾಂಡ್ಸ್'!

ಕಂಬದ ಮೇಲಿರುವ ಇಸವಿ 1669. ಆಕ್ಸ್‌ಫರ್ಡ್, ವಾರಿಕ್, ಗ್ಲಾಸ್ಟರ್, ವೂಸ್ಟರ್ ಕಡೆಗೆ ಒಂದೊಂದು ಕೈ, ಜೊತೆಗೆ ಎಷ್ಟು ಮೈಲಿ ಅನ್ನೋದು. ಅಷ್ಟೇ. ಓದಲು ಬಾರದವನಿಗೂ ಕೈ ಅರ್ಥವಾಗುತ್ತದೆ. ತಿರುಗಬೇಕಾದ ಜಾಗದಲ್ಲೇ ನಿಂತಿದೆ, ಬೇಡದ ಮಾತು ಒಂದೂ ಇಲ್ಲ.

ಇಲ್ಲಿನ ಈಗಿನ ಬೋರ್ಡುಗಳೂ ಬಹಳ ಚೆನ್ನಾಗಿವೆ. ಮೊದಲು ಹಾಗಿರಲಿಲ್ಲವಂತೆ. 'ಮುಂದೆ ದೊಡ್ಡ ರಸ್ತೆ ಇದೆ, ನಿಲ್ಲಿ' ಅಂತ ಇಡೀ ವಾಕ್ಯವನ್ನೇ ದಪ್ಪ ಅಕ್ಷರದಲ್ಲಿ ಬರೆದು ನಿಲ್ಲಿಸುತ್ತಿದ್ದರು. ಓಡುವ ಕಾರಿನಲ್ಲಿ ಕೂತು ಅದನ್ನು ಯಾರು ಓದುತ್ತಾರೆ? ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ಎಂಬಿಬ್ಬರು ವಿನ್ಯಾಸಕಾರರು ಕೂತು ಎಲ್ಲವನ್ನೂ ಹೊಸದಾಗಿ ಮಾಡಿದರು. 1965ರಲ್ಲಿ ಅದು ಜಾರಿಗೆ ಬಂತು. ಮಾತಿದ್ದ ಕಡೆ ಚಿತ್ರ ಬಂತು. ದನ ಅಡ್ಡ ಬರಬಹುದು ಎನ್ನುವ ಬೋರ್ಡಿನಲ್ಲಿ ಕ್ಯಾಲ್ವರ್ಟ್ ಬಿಡಿಸಿದ್ದು ನೆಂಟರ ತೋಟದಲ್ಲಿದ್ದ ಪೇಷೆನ್ಸ್ ಅನ್ನೋ ಹಸುವನ್ನು. ರೌಂಡಬೌಟಿನ ಬೋರ್ಡು ನನಗೆ ಇನ್ನೂ ಇಷ್ಟ. ಮುಂದೆ ಸಿಗುವ ರಸ್ತೆ ಹೇಗಿದೆಯೋ ಹಾಗೇ ಬರೆದಿರುತ್ತಾರೆ, ದೊಡ್ಡ ರಸ್ತೆಗೆ ದಪ್ಪ ಗೆರೆ, ಚಿಕ್ಕದಕ್ಕೆ ಸಣ್ಣ ಗೆರೆ. ನನ್ನ ಕಣ್ಣಿಗೆ ಅದು ಆ ಹಳೇ ಕೈಯ ಮೊಮ್ಮಗು.

ಆದರೂ ನಮ್ಮ ಮನೆ ಹತ್ತಿರದ ಒಂದು ಸರ್ಕಲ್‌ನಲ್ಲಿ ಒಂದೇ ಕಂಬಕ್ಕೆ ಏಳು ಬೋರ್ಡು ಜಡಿದಿದ್ದಾರೆ. ಮೊದಲ ವಾರ ಅಲ್ಲಿ ನಾನು ಎರಡು ಸಲ ದಾರಿ ತಪ್ಪಿದೆ. ಬೋರ್ಡು ಜಾಸ್ತಿ ಆದಷ್ಟೂ ಕಣ್ಣು ಯಾವುದರ ಮೇಲೂ ನಿಲ್ಲುವುದಿಲ್ಲ. ಏಳರಲ್ಲಿ ಐದನ್ನು ಸುಮ್ನೆ ಕಿತ್ತುಹಾಕಬಹುದು.

1940ರಲ್ಲಿ, ಜರ್ಮನ್ನರು ಬಂದಿಳಿದರೆ ದಾರಿ ತಿಳಿಯಬಾರದು ಅಂತ ದೇಶದ ಎಷ್ಟೋ ಕೈಮರಗಳನ್ನು ಕಿತ್ತಿಟ್ಟಿದ್ದರಂತೆ. ಅಮ್ಮನಿಗೆ ಹೇಳಿದೆ. "ದಾರಿ ತೋರ್ಸೋದನ್ನೂ ಬಚ್ಚಿಡಬೇಕಾ ಪಾಪ" ಅಂದಳು. ಆಮೇಲೆ ಮೇಲೆ ನೋಡಿ, "ನಮ್ಮ ಮನೆ ಯಾವ ಕೈ ಕಡೆ?" ಅಂತ ಕೇಳಿದಳು. ವಾರಿಕ್‌ ಕಡೆಯ ಕೈ ತೋರಿಸಿದೆ.