ಮಳೆಗಾಲದ ಹಾಲು, ಬೇಸಿಗೆಯ ಮೊಸರು

ಸೀಸನ್ ನೋಡಿಕೊಂಡು ಮಾಲು ಮಾಡುವ ಕಾರ್ಖಾನೆ ಅಂದರೆ ಮೊದಲು ನೆನಪಾಗುವುದು ಕೊಡೆ, ಪಟಾಕಿ, ಏರ್ ಕೂಲರ್. ಮಳೆ ಶುರುವಾಗುವ ಮುಂಚೆ ಕೊಡೆ ಮಾಡಿ ಗೋದಾಮಿನಲ್ಲಿಟ್ಟರೆ ಆಯಿತು, ಬೇಡಿಕೆ ಇಲ್ಲದ ತಿಂಗಳಲ್ಲಿ ಮಷಿನ್ ನಿಲ್ಲಿಸಲೂಬಹುದು. ಡೇರಿಗೆ ಇವೆರಡೂ ಸಾಧ್ಯವಿಲ್ಲ. ಹಾಲನ್ನು ಹಾಗೇ ಕೂಡಿಡಲು ಆಗುವುದಿಲ್ಲ, ಇವತ್ತು ಕರೆಯಬೇಡಿ ಅಂತ ರೈತರಿಗೆ ಹೇಳಲೂ ಆಗುವುದಿಲ್ಲ.

ಇನ್ನೂ ದೊಡ್ಡ ತೊಡಕು ಅಂದರೆ, ಹಾಲು ಬರುವ ಕಾಲವೇ ಬೇರೆ, ಬೇಕಾಗುವ ಕಾಲವೇ ಬೇರೆ. ಮಾರ್ಚ್‌ನಿಂದ ಮೇವರೆಗೆ ಹಸಿರು ಮೇವು ಸಿಗುವುದಿಲ್ಲ, ಸೀಮೆ ಹಸುಗಳಿಗೆ ಸೆಕೆ ತಡೆಯುವುದಿಲ್ಲ, ಹಾಲು ಇಳಿಯುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಊರಿಗೆಲ್ಲ ಮೊಸರು, ಮಜ್ಜಿಗೆ, ಐಸ್‌ಕ್ರೀಮ್ ಬೇಕು, ಮೇಲಿಂದ ಮದುವೆ ಸೀಸನ್. ಜೂನ್‌ನಲ್ಲಿ ಮಳೆ ಬಿದ್ದು ಹುಲ್ಲು ಚಿಗುರಿತೋ, ಕ್ಯಾನುಗಳು ತುಂಬುತ್ತವೆ. ಆಗ ನಾವು ಮಜ್ಜಿಗೆ ಬಿಟ್ಟು ಬಿಸಿ ಕಾಫಿ ಹಿಡಿದಿರುತ್ತೇವೆ.

2024ರ ಜೂನ್ ನೆನಪಿರಬೇಕು. ಕೆಎಂಎಫ್‌ಗೆ ದಿನಕ್ಕೆ 1 ಕೋಟಿ ಲೀಟರ್ ಹಾಲು ಬರತೊಡಗಿತ್ತು. ಆಗ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿ ಹಾಲು ಸೇರಿಸಿ 2 ರೂಪಾಯಿ ಜಾಸ್ತಿ ಮಾಡಿದರು. ಎಲ್ಲರೂ ಬೆಲೆಯ ಬಗ್ಗೆಯೇ ಮಾತಾಡಿದರು. ನನಗೆ ಕಂಡದ್ದು ಬೇರೆ. ಪ್ಯಾಕೆಟ್ಟಿಗೆ 50 ಮಿಲಿ ಅಂದರೆ ಲಕ್ಷಾಂತರ ಪ್ಯಾಕೆಟ್ಟಿನಲ್ಲಿ ಎಷ್ಟು ಲೀಟರ್ ಖರ್ಚಾಯಿತು, ಲೆಕ್ಕ ಹಾಕಿ. ಅಷ್ಟು ಹಾಲನ್ನು ಒಣಗಿಸುವ ಕೆಲಸ ಉಳಿಯಿತು ಅಲ್ವಾ? 2025ರ ಏಪ್ರಿಲ್ 1ರಿಂದ ಆ 50 ಮಿಲಿ ಹೋಯಿತು, ಬೆಲೆ 4 ರೂಪಾಯಿ ಏರಿತು. ಕೈಬಿಟ್ಟದ್ದು ಬೇಸಿಗೆಯಲ್ಲಿ ಅನ್ನುವುದನ್ನು ಗಮನಿಸಿ.

ಹೆಚ್ಚಾದ ಹಾಲಿಗೆ ಇರುವ ದೊಡ್ಡ ದಾರಿ ಪುಡಿ. ಕೆನೆ ತೆಗೆದು ಬೆಣ್ಣೆ, ತುಪ್ಪ ಮಾಡುತ್ತಾರೆ, ಉಳಿದ ಹಾಲನ್ನು ಚನ್ನರಾಯಪಟ್ಟಣ, ರಾಮನಗರದಂಥ ಕಡೆ ಇರುವ ಘಟಕಗಳಲ್ಲಿ ಒಣಗಿಸುತ್ತಾರೆ. ಕೆನೆ ತೆಗೆದ 100 ಲೀಟರ್ ಹಾಲಿಗೆ ಸಿಗುವುದು ಹೆಚ್ಚು ಕಡಿಮೆ 9 ಕೆಜಿ ಪುಡಿ, ಮಿಕ್ಕಿದ್ದೆಲ್ಲ ನೀರು, ಆ ನೀರನ್ನು ಆವಿ ಮಾಡಲು ಇಂಧನ ಸುಡಬೇಕು. ಪುಡಿಯ ರೇಟು ಮಾರುಕಟ್ಟೆಯಲ್ಲಿ ಬಿದ್ದ ವರ್ಷ ಇದು ನಷ್ಟದ ಬಾಬತ್ತು. ಆದರೂ ಮಾಡಲೇಬೇಕು. ಬೇಸಿಗೆಯಲ್ಲಿ ಹಾಲು ಸಾಲದೆ ಬಂದಾಗ ಇದೇ ಪುಡಿ ಮೊಸರಿಗೆ, ಐಸ್‌ಕ್ರೀಮಿಗೆ ಸೇರುತ್ತದೆ, ಬೇಕಾದರೆ ಬೆಣ್ಣೆಯ ಜೊತೆ ಬೆರೆಸಿ ಮತ್ತೆ ಹಾಲೂ ಮಾಡಬಹುದು.

ಈ ಲೆಕ್ಕದಲ್ಲಿ ನನಗೆ ತುಂಬ ಇಷ್ಟವಾದದ್ದು ಕ್ಷೀರಭಾಗ್ಯ. 2013ರ ಆಗಸ್ಟ್ 1ರಂದು ಶುರುವಾದ ಯೋಜನೆ, ಒಂದು ಮಗುವಿಗೆ 18 ಗ್ರಾಂ ಕೆನೆಭರಿತ ಹಾಲಿನ ಪುಡಿಯಿಂದ 150 ಮಿಲಿ ಹಾಲು. ಮಕ್ಕಳ ಪೌಷ್ಟಿಕತೆಗೆ ಅಂತ ಎಲ್ಲರಿಗೂ ಗೊತ್ತು. ಆದರೆ ಶಾಲೆಗೆ ರಜೆ ಇರುವುದು ಏಪ್ರಿಲ್, ಮೇ, ಅಂದರೆ ಹಾಲು ಕಡಿಮೆ ಇರುವಾಗಲೇ. ಶಾಲೆ ಬಾಗಿಲು ತೆರೆಯುವುದೂ ಹಾಲು ಏರತೊಡಗುವುದೂ ಒಟ್ಟಿಗೇ. ಇಷ್ಟು ಚೆನ್ನಾಗಿ ಹೊಂದುವ ಗಿರಾಕಿ ಯಾವ ಡೇರಿಗೆ ತಾನೇ ಸಿಗುತ್ತಾನೆ?

ಹಬ್ಬದ್ದು ಸ್ವಲ್ಪ ಸುಲಭ. ಗಣೇಶ, ದಸರಾ, ದೀಪಾವಳಿ ಮೂರೂ ಹಾಲು ಚೆನ್ನಾಗಿರುವ ತಿಂಗಳಲ್ಲೇ ಬರುತ್ತವೆ. ತುಪ್ಪ ಮೊದಲೇ ಕಾಯಿಸಿ ಇಟ್ಟುಕೊಳ್ಳಬಹುದು. ಪೇಡ ಬೇಗ ಕೆಡುತ್ತದೆ, ಹಾಗಾಗಿ ಅದನ್ನು ಹಬ್ಬ ಹತ್ತಿರ ಬಂದ ಮೇಲೆಯೇ ಮಾಡಬೇಕು.

ಇಷ್ಟೆಲ್ಲ ತಾಪತ್ರಯ ಯಾಕೆ, ಬೇಡದ ದಿನ ಹಾಲು ಬೇಡ ಅಂದರಾಯಿತಲ್ಲ ಅನ್ನುವವರಿದ್ದಾರೆ. 2021ರ ಮೇ ಲಾಕ್‌ಡೌನ್‌ನಲ್ಲಿ ಕೇರಳದ ಮಲಬಾರ್ ಕಡೆ ಸಂಜೆ ಹಾಲು ತೆಗೆದುಕೊಳ್ಳುವುದನ್ನು ನಿಲ್ಲಿಸಿದಾಗ ರೈತರಿಗೆ ಆದ ಗತಿ ಅವರು ನೋಡಬೇಕು. ಕರೆದ ಹಾಲನ್ನು ಏನು ಮಾಡುವುದು? ಹಿಂಡಿ, ಬೂಸಾದ ಖರ್ಚು ಆ ದಿನಕ್ಕೂ ಇದ್ದೇ ಇರುತ್ತದೆ. ಪದೇಪದೇ ಹೀಗಾದರೆ ರೈತರು ಹಸು ಮಾರುತ್ತಾರೆ, ಮಾರಿದ ಮೇಲೆ ಮುಂದಿನ ಮಾರ್ಚ್‌ಗೆ ಮೊಸರಿನ ಹಾಲು ಎಲ್ಲಿಂದ ಬರಬೇಕು? ಇವತ್ತು ಹುಟ್ಟಿದ ಕರು ಬೆಳೆದು ಹಾಲು ಕೊಡಲು ಎರಡೂವರೆ, ಮೂರು ವರ್ಷ ಬೇಕು. ಅದಕ್ಕೇ ಹೊಸ ಹೊಸ ಉತ್ಪನ್ನಗಳ ಜಾಹೀರಾತಿಗಿಂತ ಮೊದಲು ಪುಡಿ ಮಾಡುವ ಸಾಮರ್ಥ್ಯಕ್ಕೆ ದುಡ್ಡು ಹಾಕಬೇಕು ಅನ್ನುತ್ತೇನೆ ನಾನು.