ಬಾಣಂತಿ ಎಲ್ಲಿ?

ದೊಡ್ಡಮ್ಮ ಹಾಸನದಿಂದ ಅಮೆರಿಕದ ಸ್ಯಾನ್ ಹೊಸೆಗೆ ಬಂದಿದ್ದೇ ಬಾಣಂತನಕ್ಕೆ ಅಂತ. ಸೂಟ್‌ಕೇಸಿನ ತುಂಬ ಅಂಟಿನುಂಡೆ. ಮನೆಯಲ್ಲಿ ನೋಡಿದರೆ ಅಣ್ಣ, ಅವನ ಗಂಡ, ತೊಟ್ಟಿಲಲ್ಲಿ ಮಗು. ಬಾಡಿಗೆ ತಾಯಿ ಅಂತೆಲ್ಲ ಫೋನಿನಲ್ಲೇ ಹೇಳಿದ್ದರು. ಆದರೂ ಮಗುವನ್ನು ಮುದ್ದಾಡಿ ಮುಗಿದದ್ದೇ ಕೇಳಿದರು: "ಅಲ್ಲಪ್ಪಾ, ಬಾಣಂತಿನ ಯಾರು ನೋಡ್ಕೊಳ್ತಿದ್ದಾರೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಅಮ್ಮಾ, ಅದೆಲ್ಲ ಕಾಂಟ್ರಾಕ್ಟ್‌ನಲ್ಲಿದೆ. ದುಡ್ಡು ಕೊಟ್ಟಿದ್ದೀವಿ," ಅಂದ ಅಣ್ಣ.

"ದುಡ್ಡು ಕೊಟ್ರೆ ಹೊಲಿಗೆ ನೋವು ಹೋಗುತ್ತಾ?"

ಈ ವಾರವೆಲ್ಲ ಇದೇ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ. ಉಳಿದವರು ಕೇಳುವುದು ಒಂದೇ, ಮಗು "ನಿಜವಾಗಿ" ಯಾರದು ಅಂತ. ಚಿಕ್ಕಪ್ಪನಂತೂ ವಾಟ್ಸಾಪ್‌ನಲ್ಲಿ ಬಿಡದೆ ಕಾಡುತ್ತಿದ್ದಾರೆ. ಸುಮ್ನೆ ಚಪಲ. ಇಬ್ಬರ ವೀರ್ಯದಿಂದಲೂ ಲ್ಯಾಬಿನಲ್ಲಿ ಬೇರೆ ಬೇರೆ ಭ್ರೂಣ ಮಾಡಿಸಿದ್ದರು. ಅಂಡಾಣು ಕೊಟ್ಟವಳು ಒಬ್ಬಳು, ಹೊತ್ತು ಹೆತ್ತವಳು ಇನ್ನೊಬ್ಬಳು. ಹೆತ್ತವಳಿಗೂ ಮಗುವಿಗೂ ರಕ್ತಸಂಬಂಧವಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹೆರಿಗೆಗೆ ಮೊದಲೇ ಕೋರ್ಟ್ ಆದೇಶ ಸಿಗುತ್ತದೆ, ಜನನ ಪತ್ರದಲ್ಲಿ ಅಪ್ಪಂದಿರಿಬ್ಬರ ಹೆಸರೂ ಬರುತ್ತದೆ. ಖರ್ಚು ಲಕ್ಷ ಡಾಲರ್ ದಾಟಿತು. ಎಲ್ಲರ ಕೈಗೆ ಎಟುಕುವ ದಾರಿ ಅಲ್ಲ ಬಿಡಿ.

ಹೆತ್ತಾಕೆ ಫ್ರೆಸ್ನೋ ಕಡೆಯವಳು. ಸಿಸೇರಿಯನ್ ಆಗಿದೆ. ಹೊಟ್ಟೆ ಹಿಡಿದುಕೊಂಡೇ ತನ್ನ ಮಕ್ಕಳಿಗೆ ಸ್ಕೂಲ್ ಡಬ್ಬಿ ಕಟ್ಟುತ್ತಿದ್ದಾಳಂತೆ. ಅಣ್ಣ ಕೆಟ್ಟವನಲ್ಲ, ದಿನಾ ಮೆಸೇಜ್ ಮಾಡಿ ವಿಚಾರಿಸುತ್ತಾನೆ. ಆದರೆ ಕಾಂಟ್ರಾಕ್ಟ್ ಅಂದಕೂಡಲೇ ಎಲ್ಲ ಮುಗಿಯಿತು ಅಂದುಕೊಳ್ಳುವ ಜಾಯಮಾನ ಅವನದು. ಎಂಜಿನಿಯರ್ ಅಲ್ವಾ!

ಊರಲ್ಲೇ ಮಾಡಿಸಬಹುದಿತ್ತು ಅನ್ನುವವರಿಗೆ ನಮ್ಮ ಕಾನೂನು ಗೊತ್ತಿಲ್ಲ. ಒಂದು ಕಾಲಕ್ಕೆ ವಿದೇಶದ ಗೇ ಜೋಡಿಗಳು ಇದಕ್ಕೆಂದೇ ಭಾರತಕ್ಕೆ ಬರುತ್ತಿದ್ದರು. 2012ರಲ್ಲಿ ವೀಸಾ ನಿಯಮ ಬದಲಾಗಿ ಅವರಿಗೆ ಬಾಗಿಲು ಮುಚ್ಚಿತು. 2021ರ ಬಾಡಿಗೆ ತಾಯ್ತನದ ಕಾಯ್ದೆಯಲ್ಲಿ ಮದುವೆಯಾದ ಗಂಡು-ಹೆಣ್ಣಿಗೆ, ಇಲ್ಲವೇ 35ರಿಂದ 45 ವಯಸ್ಸಿನ ವಿಧವೆ, ವಿಚ್ಛೇದಿತೆಯರಿಗೆ ಮಾತ್ರ ಅವಕಾಶ. ಇಬ್ಬರು ಗಂಡಸರ ಮದುವೆಗೆ ಮಾನ್ಯತೆ ಕೊಡಲು 2023ರಲ್ಲಿ ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ.

ಅದಕ್ಕಿಂತ ನನಗೆ ಜಾಸ್ತಿ ಸಿಟ್ಟು ಬರುವುದು ಇನ್ನೊಂದಕ್ಕೆ. ಹೆರುವವಳಿಗೆ ಆಸ್ಪತ್ರೆ ಖರ್ಚು, ವಿಮೆಯಂಥವು ಬಿಟ್ಟು ಕೂಲಿ ಅಂತ ಏನೂ ಕೊಡುವ ಹಾಗಿಲ್ಲ. ಪರೋಪಕಾರ ಅಂತೆ! ಇಲ್ಲಿ ಅಮೆರಿಕದಲ್ಲಿ ದುಡ್ಡು ಕೊಟ್ಟು ಮರೆಯುತ್ತಾರೆ, ಅಲ್ಲಿ ಊರಲ್ಲಿ ದುಡ್ಡೂ ಇಲ್ಲ. ಆ ಕಾಯ್ದೆ ಬರೆದವರು ಯಾರಾದರೂ ಒಂದು ಬಾಣಂತನ ಮಾಡಿದ್ದರೋ ಇಲ್ಲವೋ, ದೊಡ್ಡಮ್ಮನ ಕೈಲಿ ಕೇಳಿಸಬೇಕು.